ಡಾಕ್ಟರು ನೋಡದ ಆಟ

ಫಾಸ್ಟರ್ ಸಿಟಿಯ ಡಾಕ್ಟರ್ ಶೇಷಗಿರಿಯವರು ಸುಳ್ಳು ಹೇಳುವ ಪೈಕಿಯಲ್ಲ. ಅರವತ್ತು ದಾಟಿದ ಬಾಳಿನಲ್ಲಿ ಅವರು ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನೂ ಬಾಯಲ್ಲಿ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು, ಊಟದ ಮೇಜಿನ ಮುಂದೆ ಕೂತು, ಅಂದವಾದ ಅಕ್ಷರದಲ್ಲಿ ಬರೆದರು.

೧೯೮೫ರಲ್ಲಿ ಇಲ್ಲಿನ ಕನ್ನಡದವರ ಸಂಘ ಒಂದು ವಿಳಾಸದ ಪುಸ್ತಕ ಅಚ್ಚು ಹಾಕಿಸಲು ಹೊರಟಿತು. ಆಗ ಈ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಕನ್ನಡದ ಮನೆಗಳು ಹೆಚ್ಚೇನೂ ಇರಲಿಲ್ಲ. ಒಬ್ಬರ ಮನೆಯ ಸುದ್ದಿ ಇನ್ನೊಬ್ಬರ ಮನೆಗೆ ಫ್ರೀವೇಯ ಕಾರಿಗಿಂತ ಬೇಗ ತಲುಪುತ್ತಿತ್ತು. ಪುಸ್ತಕಕ್ಕಾಗಿ ಮನೆಮನೆಗೂ ಒಂದು ಫಾರಂ ಬಂತು. ಯಜಮಾನರ ಹೆಸರು, ಯಜಮಾನಿಯ ಹೆಸರು, ಊರು, ಫೋನು, ಮಕ್ಕಳು. ಮಕ್ಕಳ ಹೆಸರಿನ ಮುಂದೆ ಒಂದು ಅಂಕಣ: ಉದ್ಯೋಗ. ಈ ಅಂಕಣ ಇಟ್ಟವನಿಗೆ ನಮ್ಮ ಜನ ಚೆನ್ನಾಗಿ ಗೊತ್ತಿದ್ದರು. ಪುಸ್ತಕ ಕೈಗೆ ಬಂದ ಕೂಡಲೇ ಎಲ್ಲರೂ ಮೊದಲು ಓದುವುದು ಅದನ್ನೇ.

ಡಾಕ್ಟರಿಗೆ ಇದ್ದವನು ಒಬ್ಬನೇ ಮಗ. ಜಗನ್ನಾಥ, ಇಪ್ಪತ್ತೊಂಬತ್ತು ವರ್ಷ. ಉದ್ಯೋಗದ ಅಂಕಣದ ಮುಂದೆ ಪೆನ್ನು ಹಿಡಿದು ಕೂತವರ ಕಾಫಿ ಆರಿ ತಣ್ಣಗಾಯಿತು. ಕೊನೆಗೆ ಬರೆದರು: ಬಯೋಟೆಕ್ ಸಂಶೋಧನೆ, ಸೌತ್ ಸ್ಯಾನ್ ಫ್ರಾನ್ಸಿಸ್ಕೋ.

ಹಿಂದೆ ನಿಂತಿದ್ದ ಹೆಂಡತಿ ಸತ್ಯವತಿ ಅದನ್ನು ಓದಿದರು.

"ಹೀಗೆ ಬರೆದ್ರಾ?"

"ಅವನು ಅಲ್ಲಿ ಕೆಲಸ ಮಾಡಿದ್ದು ನಿಜ ತಾನೇ?"

"ನಾಲ್ಕು ತಿಂಗಳು ಲ್ಯಾಬಿನ ಕೋಲ್ಡ್ ರೂಮಲ್ಲಿ ಪೆಟ್ಟಿಗೆ ಹೊತ್ತ. ಅದು ಸಂಶೋಧನೇನಾ? ನೀವು ಚಿಕ್ಕವರಿದ್ದಾಗ ನಿಮ್ಮ ಮಾವನ ಬೆಣ್ಣೆ ಅಂಗಡೀಲಿ ಕೂತಿದ್ರಂತಲ್ಲ, ನಿಮ್ಮ ಹೆಸರಿನ ಮುಂದೆ ಬೆಣ್ಣೆ ವ್ಯಾಪಾರಿ ಅಂತ ಬರ್ಕೊಳ್ಳಿ."

ಡಾಕ್ಟರು ಫಾರಂ ಮಡಿಸಿ ಲಕೋಟೆಗೆ ಹಾಕಿದರು. ನಿಜವಾದ ಉದ್ಯೋಗ ಏನೆಂದು ಬರೆಯುವುದು ಅವರ ಕೈಲಾಗುತ್ತಿರಲಿಲ್ಲ. ಅವರ ಮಗ ಎಂಟು ವರ್ಷ ಐಸ್ ಹಾಕಿ ಆಡಿ ಹೊಟ್ಟೆ ಹೊರೆದುಕೊಂಡವನು. ಡಿಫೆನ್ಸಿನ ಆಟಗಾರ, ಅಂದರೆ ಎದುರಾಳಿಗಳನ್ನು ತಡೆಯುವವನು, ಬೇಕಾದರೆ ಗೋಡೆಗೆ ಒತ್ತಿ ಹಿಡಿಯುವವನು, ಇನ್ನೂ ಬೇಕಾದರೆ ಗ್ಲೌಸು ಬಿಸಾಕಿ ಗುದ್ದುವವನು. ಮಂಡಿ ಕೆಟ್ಟ ಮೇಲೆ ಈಗ ಹೇವರ್ಡಿನ ಕಡೆ ಐಸ್ ರಿಂಕ್ ಎಂಬ ಮಂಜುಗಡ್ಡೆಯ ಅಂಗಳವೊಂದರಲ್ಲಿ ಮಕ್ಕಳಿಗೆ ಅದೇ ಆಟ ಕಲಿಸುತ್ತಿದ್ದ. ಡಾಕ್ಟರುಗಳೂ ಇಂಜಿನಿಯರುಗಳೂ ತುಂಬಿದ ಆ ಪುಸ್ತಕದಲ್ಲಿ ಇದನ್ನು ಎಲ್ಲಿ ಬರೆಯುವುದು? ಎರಡು ಮುಂಭಾಗದ ಹಲ್ಲಿಲ್ಲದ, ಮೂಗು ಎರಡು ಸಲ ಮುರಿದ ಈ ರೌಡಿ ಶೇಷಗಿರಿಯವರ ಮಗ ಅಂತ ಸಂಘದವರಿಗೆ ಗೊತ್ತಾಗಿಬಿಟ್ಟರೆ ಎಂಬುದೊಂದೇ ಅವರ ಭಯ. ನಾಚಿಕೆಗೆ ಅವರು ಇಟ್ಟುಕೊಂಡಿದ್ದ ಹೆಸರು ಮರ್ಯಾದೆ.

ಮೈಸೂರಿನ ಮನೆತನದ ಹುಡುಗನಿಗೆ ಮಂಜುಗಡ್ಡೆ ಎಲ್ಲಿಂದ ಗಂಟುಬಿತ್ತು ಎಂದು ಕೇಳಿದರೆ, ಗಂಟು ಹಾಕಿದವರು ಡಾಕ್ಟರೇ. ಮೈಸೂರಿನಲ್ಲಿ ಓದಿ, ಹೆಚ್ಚಿನ ಓದಿಗೆಂದು ಇಂಗ್ಲೆಂಡಿನ ಲೀಡ್ಸಿಗೆ ಹೋದರು. ಜಗನ್ನಾಥ ಹುಟ್ಟಿದ್ದು ಅಲ್ಲಿ. ೧೯೬೨ರಲ್ಲಿ ಕೆನಡಾದ ಸಸ್ಕಾಚವಾನಿನಲ್ಲಿ ಡಾಕ್ಟರುಗಳೆಲ್ಲ ಮುಷ್ಕರ ಹೂಡಿದಾಗ ಅಲ್ಲಿನ ಸರ್ಕಾರ ಇಂಗ್ಲೆಂಡಿನಿಂದ ಡಾಕ್ಟರುಗಳನ್ನು ಕರೆಸಿಕೊಂಡಿತು. ಇವರೂ ಹೆಂಡತಿ ಮಗನನ್ನು ಕಟ್ಟಿಕೊಂಡು ಹೊರಟರು. ಸುತ್ತ ಗೋಧಿಯ ಬಯಲು, ನಡುವೆ ಆರುನೂರು ಜನರ ಒಂದು ಊರು, ಊರಿಗೆಲ್ಲ ಒಬ್ಬರೇ ಡಾಕ್ಟರು. ವರ್ಷದಲ್ಲಿ ಐದು ತಿಂಗಳು ಕೆರೆ ಕಲ್ಲಿನ ಹಾಗೆ ಗಟ್ಟಿ.

ಆರು ವರ್ಷದ ಹುಡುಗ ಕಾಲಿಗೆ ಸ್ಕೇಟು ಕಟ್ಟಿಕೊಂಡು ಆ ಕೆರೆಯ ಮೇಲೆ ಇಳಿದವನು ಮತ್ತೆ ಮೇಲೆ ಬರಲಿಲ್ಲ ಅನ್ನಬಹುದು. ಭಾಷೆ ಬೇಡ, ಬಣ್ಣ ಕೇಳುವವರಿಲ್ಲ. ಜಾರಿದರೆ ಎಲ್ಲರೂ ಒಂದೇ ಥರ ಬೀಳುತ್ತಾರೆ. ಮಂಕಿ ಟೋಪಿಯ ಮೇಲೆ ಹೆಲ್ಮೆಟ್ಟು ಹಾಕಿಸಿ ಸತ್ಯವತಿಯೇ ಕಳಿಸುತ್ತಿದ್ದರು. ಹತ್ತು ವರ್ಷಕ್ಕೆ ಅವನು ಹಿಂದಕ್ಕೂ ಮುಂದಕ್ಕೂ ಓಡಬಲ್ಲವನಾದ. ಮುಂದೆ ಓಡುವುದು ಯಾರಿಗೂ ಬರುತ್ತದೆ, ಡಿಫೆನ್ಸಿನವನು ಹಿಮ್ಮುಖವಾಗಿ ಓಡುತ್ತ ಎದುರಿಗೆ ಬರುವವನ ಎದೆಯನ್ನೇ ನೋಡುತ್ತಿರಬೇಕು. ಇದನ್ನೆಲ್ಲ ಅವನು ಊಟಕ್ಕೆ ಕೂತಾಗ ಅಮ್ಮನಿಗೆ ಹೇಳುತ್ತಿದ್ದ. ಅಪ್ಪ ಪೇಪರು ಓದುತ್ತಿದ್ದರು.

ಆಟ ಅಪ್ಪನಿಗೆ ಕಾಣಿಸಲಿಲ್ಲ. ಅವರಿಗೆ ಕಂಡದ್ದು ಗಾಯ. ಶನಿವಾರ ಸಂಜೆ ಪಂದ್ಯ ಮುಗಿದರೆ ತುಟಿ ಹರಿದವರು, ಹುಬ್ಬು ಒಡೆದವರು ಸಾಲಾಗಿ ಅವರ ಕ್ಲಿನಿಕ್ಕಿಗೆ ಬರುತ್ತಿದ್ದರು. ಜಗನ್ನಾಥ ದೊಡ್ಡವನಾದಂತೆ ಸಾಲೂ ದೊಡ್ಡದಾಯಿತು. ಮಗ ಒಡೀತಾನೆ, ಅಪ್ಪ ಹೊಲೀತಾನೆ ಎಂದು ಊರವರು ಪ್ರೀತಿಯಿಂದಲೇ ನಗುತ್ತಿದ್ದರು. ಡಾಕ್ಟರಿಗೆ ಆ ನಗು ಬೆನ್ನಿಗೆ ಚುಚ್ಚಿದ ಹಾಗಾಗುತ್ತಿತ್ತು. ಹೊಲಿಗೆ ಹಾಕುವಾಗ ಅವರು ಕನ್ನಡದಲ್ಲಿ ಎಣಿಸುತ್ತಿದ್ದರು: ಒಂದು, ಎರಡು, ಮೂರು. ಅದು ಮೈಸೂರಿನ ಆಸ್ಪತ್ರೆಯಿಂದ ಬಂದ ಅಭ್ಯಾಸ. ಪಕ್ಕದಲ್ಲಿ ದೀಪ ಹಿಡಿದು, ಗಾಯಾಳುವಿನ ತಲೆ ಅಲುಗದಂತೆ ಹಿಡಿದು ನಿಲ್ಲುವ ಕೆಲಸ ಜಗನ್ನಾಥನದು. ಒಡೆದವನು ಹಿಡಿದುಕೊಳ್ಳಲಿ ಎಂದು ಅದನ್ನು ಶಿಕ್ಷೆಯಾಗಿ ಕೊಟ್ಟಿದ್ದರು.

ಅವನಿಗೆ ಹದಿನೇಳು ತುಂಬಿದ ಚಳಿಗಾಲದಲ್ಲಿ ಪಕ್ಕದ ಊರಿನ ಒಬ್ಬ ಹುಡುಗನ ಹುಬ್ಬಿಗೆ ಏಳು ಹೊಲಿಗೆ ಬಿದ್ದವು. ಜೊತೆಗೆ ಬಂದಿದ್ದ ಹುಡುಗನ ತಾಯಿ, ನಿಮ್ಮ ಮಗನನ್ನು ಬೈಯಬೇಡಿ ಡಾಕ್ಟರ್, ನಮ್ಮವನೇ ಗೋಲ್‌ಕೀಪರಿನ ಮೇಲೆ ಬೀಳಲು ಹೋಗಿದ್ದ, ಅವನು ತಡೆದ ಅಷ್ಟೆ ಎಂದಳು. ಡಾಕ್ಟರಿಗೆ ಅದು ಕುಹಕವಾಗಿ ಕೇಳಿಸಿತು. ಅವರೆಲ್ಲ ಹೋದ ಮೇಲೆ ಕೈ ತೊಳೆಯುತ್ತ ಮಗನಿಗೆ ಏನೋ ಅಂದರು. ಸಿಟ್ಟಿನಲ್ಲಿ ಅಂದದ್ದು, ಏನೆಂದರೆಂದು ಒಂದು ವಾರದಲ್ಲಿ ಅವರಿಗೇ ಮರೆತುಹೋಯಿತು.

ಮರುವರ್ಷದಿಂದ ಪತ್ರಿಕೆಗಳಲ್ಲಿ ಹುಡುಗನ ಹೆಸರು ಜ್ಯಾಗ್ ಗ್ಯಾರಿ ಎಂದು ಬರತೊಡಗಿತು. ಶೇಷಗಿರಿಯಲ್ಲಿ ಶೇಷ ಹೋಗಿ ಗಿರಿ ಉಳಿದು, ಗಿರಿ ಈ ಜನರ ಬಾಯಲ್ಲಿ ಗ್ಯಾರಿ ಆಗಿರಬೇಕೆಂದು ಡಾಕ್ಟರು ಅಂದುಕೊಂಡರು. ಒಳಗೊಳಗೇ ನೆಮ್ಮದಿಯೂ ಆಯಿತು. ಆ ಹೆಸರು ಕೇಳಿದರೆ ತಮ್ಮ ನೆನಪು ಯಾರಿಗೂ ಬರುವ ಹಾಗಿರಲಿಲ್ಲ.

೧೯೭೬ರಲ್ಲಿ ಡಾಕ್ಟರ ಸಂಸಾರ ಚಳಿಗೆ ಸಾಕಾಗಿ ಕ್ಯಾಲಿಫೋರ್ನಿಯಕ್ಕೆ ಬಂತು. ಮಗ ಬರಲಿಲ್ಲ. ಅದೇ ವರ್ಷ ಒಂದು ಚಿಕ್ಕ ಲೀಗಿನ ತಂಡ ಅವನನ್ನು ಸಂಬಳಕ್ಕೆ ಇಟ್ಟುಕೊಂಡಿತ್ತು. ಮೆಡಿಕಲ್ ಓದು ಎಂದು ಅಪ್ಪ ಮೂರು ಕಾಗದ ಬರೆದರು, ನಾಲ್ಕನೆಯದು ಬರೆಯಲಿಲ್ಲ. ಎಂಟು ವರ್ಷ, ಐದು ಊರು. ರಾತ್ರಿಯೆಲ್ಲ ಬಸ್ಸು, ಹಗಲೆಲ್ಲ ಮೋಟೆಲು, ಸಂಜೆ ಆಟ. ಗೋಲು ಹೊಡೆದದ್ದು ಕಡಿಮೆ. ತಡೆದ ಗೋಲುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲವಲ್ಲ. ೧೯೮೧ರಲ್ಲಿ ಒಮ್ಮೆ ದೊಡ್ಡ ಲೀಗಿನಿಂದ ಕರೆ ಬಂತು, ಯಾರದೋ ಕೈ ಮುರಿದಿತ್ತು. ಹನ್ನೊಂದು ದಿನ ಅಲ್ಲಿದ್ದು ಎರಡು ಪಂದ್ಯ ಆಡಿದ. ಒಂದು ಪಂದ್ಯ ಟಿವಿಯಲ್ಲಿ ಬರುತ್ತದೆಂದು ಅವನೇ ಫೋನು ಮಾಡಿ ತಿಳಿಸಿದ. ಅಮ್ಮ ಕೇಬಲ್ಲಿರುವ ಪಕ್ಕದ ಮನೆಗೆ ಹೋಗಿ ಕೂತರು. ಡಾಕ್ಟರು ಗುಲಾಬಿ ಗಿಡಗಳಿಗೆ ನೀರು ಬಿಡುತ್ತ ಹಿತ್ತಲಲ್ಲೇ ಉಳಿದರು. ಗೋಡೆಯ ಆಚೆ ಹೆಂಡತಿ ಒಂದು ಸಲ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಏಕೆ ತಟ್ಟಿದಳೆಂದು ಕೇಳಲಿಲ್ಲ.

೧೯೮೪ರಲ್ಲಿ ಎಡ ಮಂಡಿ ಎರಡನೆಯ ಸಲ ಹೋಯಿತು. ಆಟ ಮುಗಿಯಿತು. ಅಮ್ಮನ ಹತ್ತಿರ ಇರೋಣವೆಂದು ಇಲ್ಲಿಗೆ ಬಂದವನು ಅಪ್ಪನ ಮನೆಯಲ್ಲಿ ಒಂದು ವಾರ ಇದ್ದು, ಹೇವರ್ಡಿನಲ್ಲಿ ಅಪಾರ್ಟ್‌ಮೆಂಟು ಹಿಡಿದ. ಲ್ಯಾಬಿನ ಪೆಟ್ಟಿಗೆ ಹೊರುವ ಕೆಲಸ, ಆಮೇಲೆ ರಿಂಕು. ಸತ್ಯವತಿ ವಾರಕ್ಕೊಮ್ಮೆ ಕಾರು ತೆಗೆದುಕೊಂಡು ಹೋಗಿ ಊಟದ ಡಬ್ಬಿ ಕೊಟ್ಟು ಬರುತ್ತಿದ್ದರು. ಸಂಘದ ಯಾವ ಕಾರ್ಯಕ್ರಮಕ್ಕೂ ಅವನು ಬರಲಿಲ್ಲ. ಬರಬೇಡ ಎಂದು ಡಾಕ್ಟರು ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ.

ಹೀಗೆ ಅಚ್ಚಾದ ಸುಳ್ಳು ಒಂದು ವರ್ಷ ತೆಪ್ಪಗೆ ಮಲಗಿತ್ತು. ಅದನ್ನು ಎಬ್ಬಿಸಿದವನು ದ್ವಾರಕಾನಾಥ. ಬೆಂಗಳೂರಿನವನು, ಇಂಜಿನಿಯರು, ಸಂಘದ ಕಾರ್ಯದರ್ಶಿ. ಒಂದು ಕೆಲಸಕ್ಕೆ ಬಂದರೆ ಎರಡು ಕೆಲಸ ಹೇರಿಯೇ ಎದ್ದುಹೋಗುವ ಆಸಾಮಿ. ೧೯೮೬ರ ಅಕ್ಟೋಬರಿನ ಒಂದು ಶನಿವಾರ ಬಂದು ಸತ್ಯವತಿಯವರ ಕೈಯ ಉಪ್ಪಿಟ್ಟು ತಿಂದು ಶುರುಮಾಡಿದ.

"ಡಾಕ್ಟ್ರೇ, ಈ ಸಲ ರಾಜ್ಯೋತ್ಸವದಲ್ಲಿ ನಮ್ಮ ಯಂಗ್‌ಸ್ಟರ್ಸ್ ಒಂದೊಂದು ಟಾಕು ಕೊಡ್ಬೇಕು. ನಿಮ್ಮ ಜಗನ್ನಾಥಂದು ಬಯೋಟೆಕ್ನಾಲಜಿ. ಹತ್ತೇ ನಿಮಿಷ. ಹೆಸರು ಪ್ರೋಗ್ರಾಮಿನಲ್ಲಿ ಹಾಕಿಬಿಟ್ಟಿದೀನಿ."

"ಅವನಿಗೆ ಪುರುಸೊತ್ತು ಇರತ್ತೋ ಇಲ್ವೋ" ಎಂದರು ಡಾಕ್ಟರು.

"ನೀವು ಹೇಳಿದ್ರೆ ಬರ್ತಾನೆ ಬಿಡಿ. ಇನ್ನೊಂದು ಹೆಲ್ಪು ಬೇಕು. ನಮ್ಮ ವಸುಧಾ ಇದಾಳಲ್ಲ, ಭರತನಾಟ್ಯಕ್ಕೆ ಹಾಕಿದ್ರೆ ಬಿಟ್ಟು ಐಸ್ ಹಾಕಿ ಸೇರ್ಕೊಂಡಿದಾಳೆ! ಟೀಮಲ್ಲಿ ಒಬ್ಳೇ ಹುಡುಗಿ. ನಾಳೆ ಟೂರ್ನಮೆಂಟು. ಬರ್ಬೇಕಾಗಿದ್ದ ಡಾಕ್ಟರು ಕೈ ಕೊಟ್ಟಿದಾರೆ. ಡಾಕ್ಟರಿಲ್ದೆ ಆಡಿಸಲ್ಲ ಅಂತ ಅವಳ ಕೋಚ್ ಹಟ ಹಿಡಿದಿದಾನೆ. ನೀವು ಸುಮ್ನೆ ಬಂದು ಕೂತ್ರೆ ಸಾಕು. ಕೋಚೂ ನಮ್ಮ ಕಡೆಯವನೇ ಇರ್ಬೇಕು ಡಾಕ್ಟ್ರೇ, ಕೆನಡಾದಿಂದ ಬಂದಿರೋ ಇಂಡಿಯನ್ನು. ಜ್ಯಾಗ್ ಗ್ಯಾರಿ ಅಂತೆ. ನೋಡೋಕೆ ರೌಡಿ ಥರ, ಮಕ್ಳು ಮಾತ್ರ ಅವನು ಅಂದ್ರೆ ಪ್ರಾಣ ಬಿಡ್ತಾವೆ."

ಡಾಕ್ಟರು ಒಂದು ನೆಪ ಹುಡುಕುವಷ್ಟರಲ್ಲಿ ಅಡಿಗೆಮನೆಯಿಂದ ಸತ್ಯವತಿ ಗಟ್ಟಿಯಾಗಿ ಹೇಳಿದರು, "ಬರ್ತಾರೆ. ನಾಳೆ ಅವರಿಗೇನೂ ಕೆಲಸ ಇಲ್ಲ."

ಮರುದಿನ ಹೊರಡುವಾಗ ಹೊಲಿಗೆಯ ಸಾಮಾನಿನ ಹಳೆಯ ಚೀಲದ ಜೊತೆಗೆ ಒಂದು ಸ್ಟೀಲ್ ಡಬ್ಬಿಯನ್ನೂ ಕೈಗಿತ್ತರು. "ಕೊಬ್ಬರಿ ಮಿಠಾಯಿ. ಹಲ್ಲು ಹೋದ ಮೇಲೆ ಅವನಿಗೆ ಕೋಡುಬಳೆ ಕಡಿಯೋಕಾಗಲ್ಲ. ನಿಮ್ಮ ಕೈಯಿಂದಾನೇ ಕೊಡಿ." ಡಾಕ್ಟರು ಡಬ್ಬಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟರು. ರಿಂಕು ತಲುಪಿದಾಗ ಚೀಲ ಮಾತ್ರ ತೆಗೆದುಕೊಂಡು ಇಳಿದರು.

ಒಳಗೆ ಕಾಲಿಟ್ಟರೆ ಸಸ್ಕಾಚವಾನಿನದೇ ವಾಸನೆ. ಒದ್ದೆ ಉಣ್ಣೆ, ರಬ್ಬರು, ಚಳಿ. ಗಾಜಿನ ಹಿಂದೆ ಒಂದು ಮೂಲೆಯ ಬೆಂಚು ಹಿಡಿದು ಕೂತರು. ಹತ್ತು ಹನ್ನೊಂದು ವರ್ಷದ ಮಕ್ಕಳು ಐಸಿನ ಮೇಲೆ ಇರುವೆಗಳ ಹಾಗೆ ಓಡಾಡುತ್ತಿದ್ದವು. ಆಚೆ ಬದಿಯಲ್ಲಿ ಮಗ ನಿಂತಿದ್ದ. ಎಡಗಾಲು ಊರುವಾಗ ಸ್ವಲ್ಪ ಎಳೆಯುತ್ತಿದ್ದ. ಅವನೂ ಇವರನ್ನು ನೋಡಿದ. ಕೈ ಎತ್ತಲಿಲ್ಲ, ಹತ್ತಿರ ಬರಲಿಲ್ಲ. ಡಾಕ್ಟರಿಗೆ ಮೊದಲು ಹಗುರವೆನಿಸಿತು. ಪರವಾಗಿಲ್ಲ, ಹುಡುಗ ತಿಳಿದವನು ಎಂದುಕೊಂಡರು. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ಎಷ್ಟು ರಾತ್ರಿ ನಿದ್ದೆಗೆಟ್ಟರೆಂಬುದು ಅವರಿಗೇ ಗೊತ್ತು.

ಅಂದು ಅವರು ಮೊದಲ ಸಲ ಒಂದು ಪೂರ್ತಿ ಆಟವನ್ನು ಕೂತು ನೋಡಿದರು, ಬೇರೆ ದಾರಿಯಿಲ್ಲದೆ. ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆಯ ಹಿಂದೆ ಎಲ್ಲ ಮಕ್ಕಳೂ ನುಗ್ಗಿದರೆ ವಸುಧಾ ಮಾತ್ರ ನುಗ್ಗುತ್ತಿರಲಿಲ್ಲ. ಹಿಮ್ಮುಖವಾಗಿ ಜಾರುತ್ತ, ತನ್ನ ಗೋಲ್‌ಕೀಪರಿಗೂ ಎದುರಾಳಿಗೂ ನಡುವೆ ಸರಿಯಾಗಿ ಬಂದು ನಿಲ್ಲುತ್ತಿದ್ದಳು. ಯಾರೂ ಬೀಳದೆ, ಯಾರಿಗೂ ಪೆಟ್ಟಾಗದೆ, ಬಂದವನು ದಾರಿ ಸಿಗದೆ ಪಕ್ಕಕ್ಕೆ ಹೋಗುತ್ತಿದ್ದ. "ಚೆಸ್ಟ್! ಚೆಸ್ಟ್ ನೋಡು!" ಎಂದು ಆಚೆಯಿಂದ ಕೋಚ್ ಇಂಗ್ಲಿಷಿನಲ್ಲಿ ಕೂಗುತ್ತಿದ್ದ. ಅವನ ತಂಡದ ಒಬ್ಬ ಹುಡುಗ ಬೇರೆಯವನನ್ನು ಹಿಂದಿನಿಂದ ದೂಡಿ ಕೆಡವಿದಾಗ, ರೆಫರಿಗಿಂತ ಮೊದಲು ಕೋಚೇ ಅವನನ್ನು ಹೊರಗೆ ಕರೆದು, ಆಟ ನಿಂತಾಗ ಹೋಗಿ ಬಿದ್ದವನ ಕೈ ಕುಲುಕಿ ಬರುವಂತೆ ಮಾಡಿದ. ಡಿಫೆನ್ಸ್ ಅಂದರೆ ಹೊಡೆಯುವುದಲ್ಲ, ಅಡ್ಡ ನಿಲ್ಲುವುದು ಎಂಬ ಸರಳವಾದ ಸಂಗತಿ ಹದಿನಾಲ್ಕು ವರ್ಷ ಹಾಕಿಯ ಗಾಯ ಹೊಲಿದ ಮನುಷ್ಯನಿಗೆ ಅಂದು ತಿಳಿಯಿತು. ಹುಬ್ಬು ಒಡೆದ ಹುಡುಗನ ತಾಯಿ ಅವತ್ತು ಕುಹಕವಾಡಿರಲಿಲ್ಲ.

ಗಾಯವಾದದ್ದು ಆಟ ಮುಗಿದ ಮೇಲೆ. ಗೆದ್ದ ಸಂಭ್ರಮದಲ್ಲಿ ವಸುಧಾ ಹೆಲ್ಮೆಟ್ಟು ಕಿತ್ತು ಕೈಯಲ್ಲಿ ಹಿಡಿದು, ಕುಣಿಯುತ್ತ ಹೊರಗೆ ಬರುವಾಗ ಜಾರಿ, ಬಾಗಿಲಿನ ಕಬ್ಬಿಣದ ಚಿಲಕಕ್ಕೆ ಗದ್ದ ಬಡಿದುಕೊಂಡಳು. ರಕ್ತ ಅಂಗಿಯ ಮೇಲೆಲ್ಲ ಇಳಿಯಿತು. ಕೋಚ್ ಅವಳನ್ನು ಎತ್ತಿಕೊಂಡು ಕುಂಟುತ್ತ ಬದಿಯ ಕೋಣೆಗೆ ತಂದ. ಹಿಂದೆಯೇ ದ್ವಾರಕಾನಾಥ, ಹೆಂಡತಿ ಪದ್ಮಜಾ.

"ಐದು ಹೊಲಿಗೆ ಬೇಕು" ಎಂದರು ಡಾಕ್ಟರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕಾದರು. ತಲೆ ಹಿಡಿದುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಜಗನ್ನಾಥ ತಾನೇ ಬಂದು ಹುಡುಗಿಯ ತಲೆಯ ಎರಡೂ ಬದಿಗೆ ಅಂಗೈ ಇಟ್ಟು ಹಿಡಿದ. ಹದಿಮೂರು ವರ್ಷದ ಹಿಂದೆ ಹಿಡಿಯುತ್ತಿದ್ದನಲ್ಲ, ಹಾಗೇ. ಒತ್ತಿದಂತೆಯೂ ಇಲ್ಲ, ಅಲುಗಲೂ ಆಗದು. ಅವನ ಗೆಣ್ಣುಗಳ ಮೇಲಿನ ಹಳೆಯ ಗಾಯದ ಗುರುತುಗಳು ಡಾಕ್ಟರ ಕಣ್ಣಿನಿಂದ ಒಂದು ಗೇಣು ದೂರದಲ್ಲಿದ್ದವು. ಅವು ಯಾವುವೂ ಅವರು ಹೊಲಿದವಲ್ಲ.

ಸೂಜಿ ಚರ್ಮಕ್ಕೆ ತಾಗಿದ್ದೇ ಡಾಕ್ಟರ ಬಾಯಿ ತನ್ನ ಪಾಡಿಗೆ ಎಣಿಸತೊಡಗಿತು. "ಒಂದು."

"ಎರಡು" ಎಂದ ಕೋಚ್, ಮೆಲ್ಲಗೆ, ಹುಡುಗಿಯ ಕಿವಿಯ ಹತ್ತಿರ.

ದ್ವಾರಕಾನಾಥ ಬೆಚ್ಚಿದ. "ಅರೆ! ಕೋಚ್, ನಿಮ್ಗೆ ಕನ್ನಡ ಬರುತ್ತಾ?"

ಜಗನ್ನಾಥ ತಲೆ ಎತ್ತಿ ಅಪ್ಪನ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೇಳುವುದಿದ್ದರೆ ನೀವು ಹೇಳಿ ಎಂದು ಕಾಯುವ ನೋಟ ಅದು. ಮೂರನೆಯ ಹೊಲಿಗೆ ಹಾಕಿ ಗಂಟು ಬಿಗಿಯುವಷ್ಟು ಹೊತ್ತು ಕಾದ. ಡಾಕ್ಟರು ದಾರದ ಮೇಲಿಂದ ಕಣ್ಣು ತೆಗೆಯಲಿಲ್ಲ. ಇವನು ನನ್ನ ಮಗ ಎಂಬ ಮಾತಿಗೆ ವಿಳಾಸ ಪುಸ್ತಕದ ಆ ಸಾಲು ಅಡ್ಡ ನಿಂತಿತು.

"ನಮ್ಮೂರಲ್ಲಿ ಒಬ್ರು ಡಾಕ್ಟರಿದ್ರು" ಎಂದ ಜಗನ್ನಾಥ ಇಂಗ್ಲಿಷಿನಲ್ಲಿ, ದ್ವಾರಕಾನಾಥನ ಕಡೆ ತಿರುಗಿ. "ಹೊಲಿಗೆ ಹಾಕುವಾಗ ಹೀಗೇ ಎಣಿಸ್ತಿದ್ರು. ಕೇಳಿ ಕೇಳಿ ಬಂತು. ಐದರ ತನಕ ಅಷ್ಟೆ."

"ಈ ಡಾಕ್ಟರು ನಿಂಗೆ ಗೊತ್ತಾ?" ಎಂದು ಗದ್ದ ಅಲುಗಿಸದೆ ಹುಡುಗಿ ಇಂಗ್ಲಿಷಿನಲ್ಲೇ ಕೇಳಿದಳು.

"ಇಲ್ಲ ಪುಟ್ಟ. ಇವತ್ತೇ ನೋಡಿದ್ದು."

ಉಳಿದ ಎರಡು ಹೊಲಿಗೆಗಳನ್ನು ಡಾಕ್ಟರು ಎಣಿಸಲಿಲ್ಲ. ಎಲ್ಲ ಮುಗಿದ ಮೇಲೆ ಕೋಚ್ "ಥ್ಯಾಂಕ್ಯೂ, ಡಾಕ್ಟರ್" ಎಂದು ಕೈ ಚಾಚಿದ. ಅವರು ಕುಲುಕಿದರು. ಹೆತ್ತ ಮಗನ ಕೈಯನ್ನು ಅಪರಿಚಿತರ ಹಾಗೆ ಕುಲುಕಿ, ಚೀಲ ಎತ್ತಿಕೊಂಡು ಹೊರಟರು. ಸೇತುವೆ ದಾಟಿ ಮನೆ ಸೇರುವವರೆಗೂ ಹಿಂದಿನ ಸೀಟಿನಲ್ಲಿ ಡಬ್ಬಿ ಕಡಕಡ ಸದ್ದು ಮಾಡುತ್ತಲೇ ಇತ್ತು.

ಸತ್ಯವತಿ ಡಬ್ಬಿ ಎತ್ತಿ ನೋಡಿದರು. ಭಾರ ಕಡಿಮೆಯಾಗಿರಲಿಲ್ಲ.

"ಕೊಡ್ಲಿಲ್ವಾ?"

ಡಾಕ್ಟರು ಕುರ್ಚಿಯಲ್ಲಿ ಕುಸಿದು ಎಲ್ಲವನ್ನೂ ಹೇಳಿದರು. ಏನೂ ಮುಚ್ಚಿಡಲಿಲ್ಲ. "ಇವತ್ತೇ ನೋಡಿದ್ದು ಅಂದ ಕಣೇ. ಅಷ್ಟು ಜನರ ಮುಂದೆ, ಒಂದು ಚೂರೂ ತಡವರಿಸ್ದೆ. ನಾನು ಅವನಿಗೆ ಏನು ಮಾಡಿದ್ದೆ ಅಂತ ಹಾಗಂದ?"

ಸತ್ಯವತಿಯವರಿಗೆ ಸಿಟ್ಟು ಬರುವುದು ಅಪರೂಪ, ಬಂದರೆ ದನಿ ಇಳಿಯುತ್ತದೆ. "ಏನು ಮಾಡಿದ್ರಿ ಅಂತ ಕೇಳ್ತೀರಾ? ಗ್ಯಾರಿ ಅಂತ ಹೆಸರು ಹೇಗೆ ಬಂತು ಗೊತ್ತಾ ನಿಮ್ಗೆ?"

"ಅಲ್ಲಿಯವರ ಬಾಯಿಗೆ ಬರ್ದೆ..."

"ಊರವರೆಲ್ಲ ಶೇಷಗಿರಿ ಅಂತ ಸ್ಪಷ್ಟವಾಗಿ ಕರೀತಿದ್ರು, ಹನ್ನೆರಡು ವರ್ಷ! ಆ ಏಳು ಹೊಲಿಗೆ ಹಾಕಿದ ದಿನ ಕೈ ತೊಳೀತಾ ನೀವಂದ್ರಿ, ನನ್ನ ಹೆಸರು ಬೆನ್ನಿಗೆ ಹಾಕ್ಕೊಂಡು ಊರವರ ಮುಖ ಒಡೀಬೇಡ, ಬೇರೆ ಹೆಸರು ಇಟ್ಕೊಂಡು ಹಾಳಾಗಿ ಹೋಗು ಅಂತ. ಮಾರನೇ ದಿನ ಅವನು ಆಟದ ಅಂಗಿ ತಂದು, ಅಮ್ಮ ಇದರ ಮೇಲಿನ ಅಕ್ಷರ ಬಿಚ್ಚಿಕೊಡು ಅಂದ. ನಾನೇ ಒಂದೊಂದಾಗಿ ಬಿಚ್ಚಿದೆ. ಗ್ಯಾರಿ ಅಂತ ಅವನೇ ಇಟ್ಕೊಂಡ. ನೀವು ಹೇಳಿದ್ದನ್ನ ಮಾಡ್ದೋನು ಅವನು. ಇವತ್ತೂ ಅಷ್ಟೇ."

ಡಾಕ್ಟರಿಗೆ ತಾವು ಅಂದದ್ದು ಆಗ ನೆನಪಾಯಿತು, ನಲ್ಲಿಯ ನೀರಿನ ಸದ್ದಿನ ಸಮೇತ. ತಲೆ ತಗ್ಗಿಸಿ ಕೂತವರು ಸಂಜೆಯವರೆಗೂ ಏಳಲಿಲ್ಲ. ಮಗನಿಂದ ನಾಚಿಕೆ ಎಂದು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದು ಈಗ ಮಗನದಲ್ಲ, ಪೂರ್ತಿ ತಮ್ಮದೇ ಆಗಿತ್ತು. ಹೆಂಡತಿಗೂ ಮುಖ ತೋರಿಸಲಾರದೆ ಆ ವಾರವೆಲ್ಲ ಅವರು ಗುಲಾಬಿ ಗಿಡಗಳ ನಡುವೆಯೇ ಕಳೆದರು.

ರಾಜ್ಯೋತ್ಸವ ನವೆಂಬರಿನ ಮೊದಲ ಶನಿವಾರ, ಹೇವರ್ಡಿನ ಒಂದು ಶಾಲೆಯ ಸಭಾಂಗಣದಲ್ಲಿ. ನಾಡಗೀತೆ ಆಯಿತು, ಮಕ್ಕಳ ಕೋಲಾಟ ಆಯಿತು. ದ್ವಾರಕಾನಾಥ ಮೈಕಿನಲ್ಲಿ, "ಈಗ ಬಯೋಟೆಕ್ನಾಲಜಿ ಬಗ್ಗೆ ನಮ್ಮ ಡಾಕ್ಟರ ಸುಪುತ್ರ ಜಗನ್ನಾಥ ಅವರಿಂದ" ಎಂದ. ಎದ್ದು ಬಂದವರು ಡಾಕ್ಟರು.

"ಜಗನ್ನಾಥ ಬಂದಿಲ್ಲ" ಎಂದರು. ಮೈಕು ಕೀರಲಿಟ್ಟಿತು, ಅದು ನಿಲ್ಲುವವರೆಗೆ ಕಾದರು. "ಅವನಿಗೆ ನಾನು ಹೇಳೇ ಇಲ್ಲ. ಅವನು ಸಂಶೋಧನೆ ಮಾಡೋನಲ್ಲ. ಪುಸ್ತಕದಲ್ಲಿ ಬರೆದದ್ದು ಸುಳ್ಳು. ಬರೆದೋನು ನಾನು. ಅವನು ಎಂಟು ವರ್ಷ ಐಸ್ ಹಾಕಿ ಆಡಿದಾನೆ. ಈಗ ನಿಮ್ಮ ಮಕ್ಕಳಿಗೆ ಕಲಿಸ್ತಿದಾನೆ. ದ್ವಾರಕಾನಾಥ್, ನಿಮ್ಮ ವಸುಧಾಳ ಕೋಚು ನನ್ನ ಮಗ. ನನಗೆ ನಾಚಿಕೆ ಆಗಿ ಮುಚ್ಚಿಟ್ಟಿದ್ದೆ."

ಭೂಮಿ ಬಾಯಿ ಬಿಡುತ್ತದೆಂದು ಅವರು ಕಾದು ನಿಂತರು. ಭೂಮಿ ತನ್ನ ಪಾಡಿಗೆ ತಾನಿತ್ತು. ಒಂದಿಷ್ಟು ಗುಜುಗುಜು. ಆಮೇಲೆ ಮುಂದಿನ ಸಾಲಿನಿಂದ ಧಾರವಾಡದ ಹಿರಿಯರು ವೀರಣ್ಣ ಎದ್ದು ನಿಂತರು.

"ಹುಲಿಯಂಥಾ ಮಗನ್ನ ಇಟ್ಕೊಂಡು ಯಾಕ ಮುಚ್ಚಿಟ್ರೀ ಡಾಕ್ಟರ್ರ? ಟಿವಿಯೊಳಗ ಏನರೆ ಬಂದಿದ್ನೇನು?"

"ಒಂದು ಸಲ" ಎಂದರು ಡಾಕ್ಟರು.

ಜನ ಚಪ್ಪಾಳೆ ತಟ್ಟಿದರು. ಹೌದು, ತಟ್ಟಿದರು! ಹುಡುಗರು ಶಿಳ್ಳೆ ಹಾಕಿದರು. ಯಾರಿಗೆ ಹೆದರಿ ಇಷ್ಟು ವರ್ಷ ಮಗನನ್ನು ಮುಚ್ಚಿಟ್ಟರೋ ಆ ಜನಕ್ಕೆ ಇದು ಖುಷಿಯ ಸುದ್ದಿ. ಡಾಕ್ಟರಿಗೆ ಅವರು ಉಗಿದಿದ್ದರೇ ವಾಸಿಯಿತ್ತು. ಯಾರಿಗೂ ಬೇಡದ ಮರ್ಯಾದೆಗಾಗಿ ಮಗನನ್ನು ಮಾರಿಕೊಂಡ ಹಾಗಾಯಿತು. ದ್ವಾರಕಾನಾಥ ಮಾತ್ರ ಚಪ್ಪಾಳೆ ತಟ್ಟದೆ, ಬಿದ್ದ ಪೆಚ್ಚಿನಿಂದ ಏಳಲಾರದೆ ನಿಂತಿದ್ದ. ಅವನ ಪಕ್ಕದಲ್ಲಿ ಗದ್ದಕ್ಕೆ ಪಟ್ಟಿ ಹಾಕಿಕೊಂಡಿದ್ದ ವಸುಧಾ ಎದ್ದು, ಮೈಕಿನ ಅಗತ್ಯವೇ ಇಲ್ಲದ ದನಿಯಲ್ಲಿ ಇಂಗ್ಲಿಷಿನಲ್ಲಿ ಕೇಳಿದಳು, "ಹಾಗಿದ್ರೆ ಅವತ್ತು ಯಾಕೆ ಅವನ ಹತ್ರ ಮಾತಾಡ್ಲಿಲ್ಲ ನೀವು?"

ಪದ್ಮಜಾ ಮಗಳನ್ನು ಎಳೆದು ಕೂರಿಸಿದರು. ಡಾಕ್ಟರು ವೇದಿಕೆ ಇಳಿದರು.

ಮರುದಿನ ಭಾನುವಾರ ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ಅವರೊಬ್ಬರೇ ರಿಂಕಿಗೆ ಹೋದರು. ಅಭ್ಯಾಸ ಇನ್ನೂ ಶುರುವಾಗಿರಲಿಲ್ಲ. ಜಗನ್ನಾಥ ಬೆಂಚಿನ ಮೇಲೆ ಕೂತು ಕೆಟ್ಟ ಮಂಡಿಗೆ ಪಟ್ಟಿ ಸುತ್ತುತ್ತಿದ್ದ. ಅಪ್ಪನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದ. ಅವರು ಕೂತು ಡಬ್ಬಿಯನ್ನು ಇಬ್ಬರ ನಡುವೆ ಇಟ್ಟರು.

"ನಿನ್ನೆ ಹೇಳಿಬಿಟ್ಟೆ ಕಣೋ. ಎಲ್ಲರ ಮುಂದೆ."

"ವಸುಧಾ ಫೋನ್ ಮಾಡಿದ್ಲು" ಎಂದ. ಅವನ ಕನ್ನಡ ಈಗಲೂ ಚಿಕ್ಕ ಹುಡುಗನದೇ, ಅಮ್ಮನ ಅಡಿಗೆಮನೆಯಲ್ಲಿ ಕಲಿತದ್ದು. "ನೀವು ಹೇಳ್ಬೇಕಾಗಿರ್ಲಿಲ್ಲ ಅಪ್ಪ. ನಂಗೆ ಅಭ್ಯಾಸ ಆಗಿತ್ತು."

"ತಪ್ಪಾಯ್ತು" ಎಂದರು ಡಾಕ್ಟರು. ಮಗನಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಇನ್ನೂ ಏನಾದರೂ ಹೇಳಬೇಕೆನಿಸಿತು. ಅಂದು ಮಕ್ಕಳ ಆಟ ನೋಡಿದ್ದು, ಡಿಫೆನ್ಸ್ ಏನೆಂದು ತಿಳಿದದ್ದು, ಆ ಹುಡುಗಿ ಹಿಮ್ಮುಖವಾಗಿ ಬಂದು ಅಡ್ಡ ನಿಂತದ್ದು, ಎಲ್ಲವನ್ನೂ ಒಟ್ಟಿಗೆ ಹೇಳಲು ಹೋಗಿ ತೊದಲಿದರು. "ಬಹಳ ಕಷ್ಟದ ಆಟ ಅದು. ನಂಗೆ ಗೊತ್ತಿರ್ಲಿಲ್ಲ."

ಜಗನ್ನಾಥ ಪಟ್ಟಿ ಸುತ್ತುವುದನ್ನು ನಿಲ್ಲಿಸಿದ.

"ಅಪ್ಪ, ನಾನು ಆಡಿದ್ದು ನೀವು ಯಾವತ್ತಾದ್ರೂ ನೋಡಿದೀರಾ? ಕೆರೆ ಮೇಲೆ, ಟಿವೀಲಿ, ಒಂದ್ಸಲ?"

ಡಾಕ್ಟರು ನೆನಪಿನಲ್ಲೆಲ್ಲ ಹುಡುಕಿದರು. ಹರಿದ ತುಟಿಗಳು ಸಿಕ್ಕವು, ಒಡೆದ ಹುಬ್ಬುಗಳು ಸಿಕ್ಕವು, ಗೋಡೆಯಾಚೆಯ ಒಂದು ಚಪ್ಪಾಳೆ ಸಿಕ್ಕಿತು.

"ಇಲ್ಲ" ಎಂದರು.

ಮಗ ತಲೆಯಾಡಿಸಿದ. ಬಗ್ಗಿ ಪಟ್ಟಿಯ ತುದಿಯನ್ನು ಬಿಗಿಯಾಗಿ ಸಿಕ್ಕಿಸಿದ, ಎರಡು ಸಲ ಕಾಲು ಮಡಚಿ ನೋಡಿದ. ಐಸಿನ ಮೇಲೆ ಮಕ್ಕಳು ಆಗಲೇ ಅವನ ಹೆಸರು ಕೂಗುತ್ತಿದ್ದವು.

"ಚೆನ್ನಾಗಿ ಆಡ್ತಿದ್ದೆ ಅಪ್ಪ" ಎಂದು ಹೇಳಿ ಎದ್ದು ಹೋದ.